ಯಾರೂ ಮಣ್ಣು ಹಾಕದ ಎರಡು ಮೊಳ

ಕೊಳಾಲದ ಆಚೆ ಒಂದು ಕೆರೆಯ ಏರಿ ಒಡೆದು ಇಪ್ಪತ್ತು ಮಾರಿನಷ್ಟು ಬಾಯಿಬಿಟ್ಟುಕೊಂಡಿದೆ, ಹುಬ್ಬೆ ಮಳೆ ಹುಟ್ಟುವ ಮೊದಲು ಕಟ್ಟಿ ಮುಗಿಸತಕ್ಕದ್ದು ಎಂಬ ಹುಕುಂ ಕೈಗೆ ಬಂದಾಗ ನನಗೆ ಮೊದಲು ಶುರುವಾದದ್ದು ಹೊಟ್ಟೆನೋವು. ನಾನು ಆಗ ಮಧುಗಿರಿಯಲ್ಲಿ ಸಬ್ ಓವರ್‌ಸಿಯರ್. ಊರ ಜನ ಇನ್ನೂ ಮದ್ದಗಿರಿ ಎಂದೇ ಅನ್ನುತ್ತಿದ್ದ ಕಾಲ. ಮೋರಿ ಕಟ್ಟಿಸಿದ್ದೆ, ಮುಸಾಫಿರಖಾನೆಯ ಹೆಂಚು ಕೈಯಾಡಿಸಿದ್ದೆ, ರಸ್ತೆಗೆ ಜಲ್ಲಿ ಹೊಡೆಸಿದ್ದೆ. ಏರಿಯ ತಂಟೆಗೆ ಹೋದವನಲ್ಲ. ಮೋರಿ ಕುಸಿದರೆ ಗಾಡಿ ನಿಲ್ಲುತ್ತದೆ. ಏರಿ ಕುಸಿದರೆ ಮನುಷ್ಯರು ಹೋಗುತ್ತಾರೆ. ಹುಟ್ಟಾ ಹೆದರುಪುಕ್ಕಲನಾದ ನನಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಏರಿಯ ಮೂಡಲ ತುದಿಗೆ ಒಂದು ಊರು, ಪಡುವಲ ತುದಿಗೆ ಇನ್ನೊಂದು. ಕೆರೆಯ ನೀರು ಎರಡೂ ಊರಿಗೆ ಸಮಪಾಲು. ಏರಿಯ ಬುಡದಲ್ಲಿ, ಒಡೆದ ಜಾಗಕ್ಕೆ ನೇರ ಕೆಳಗೆ, ಮೂವತ್ತು ಗುಡಿಸಲಿನ ಒಂದು ಹಟ್ಟಿ. ಕೆರೆ ತಲೆಯ ಮೇಲೇ ಇದ್ದರೂ ಹಟ್ಟಿಯವರಿಗೆ ನೀರಿನ ಪಾಲಿಲ್ಲ. ಅವರ ತುಂಡು ಹೊಲಗಳು ಮಳೆಯನ್ನೇ ನೋಡಿಕೊಂಡಿರಬೇಕು. ಹಿಂದಿನ ವರ್ಷ ಏರಿ ಒಡೆದಾಗ ಕೆರೆಯಲ್ಲಿ ಅರ್ಧ ನೀರೂ ಇರಲಿಲ್ಲವಾದ್ದರಿಂದ ನಾಲ್ಕು ಗುಡಿಸಲು ಹೋಗಿ ಜನ ಉಳಿದಿದ್ದರು. ತುಂಬಿದಾಗ ಒಡೆದರೆ ಹಟ್ಟಿಯ ಗುರುತೂ ಸಿಗುವುದಿಲ್ಲ ಎಂದು ನನಗೆ ಮೊದಲ ದಿನವೇ ತೋರಿಸಿದವನು ಕೆರೆಯ ನೀರಗಂಟಿ. ತೂಬು ತೆಗೆದು, ಮುಚ್ಚಿ, ಊರವರ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವವನು. ಅರವತ್ತು ದಾಟಿದ ಮನುಷ್ಯ, ಮನೆ ಆ ಹಟ್ಟಿಯಲ್ಲೇ. ಮಗಳು ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು.

ಕೆಲಸಕ್ಕೆ ನನಗೆ ಸಿಕ್ಕಿದ್ದು ಇಪ್ಪತ್ತೆರಡು ದಿನ. ದಿಮ್ಮಸು ಹೊಡೆದು ಮಣ್ಣು ಗಟ್ಟಿ ಮಾಡುವುದರಲ್ಲಿ ಪಳಗಿದ ಒಂದು ತಂಡ ಪಾವಗಡದ ಕಡೆಯಿಂದ ಬರಬೇಕಿತ್ತು. ಅವರ ಮೇಸ್ತ್ರಿಗೆ ಯಾವಾಗ ಹೇಳಿಕಳಿಸಿದರೂ ಒಂದೇ ಉತ್ತರ: "ರೇಪು, ಸಾಮಿ, ರೇಪು." ಅವರ ತೆಲುಗಿನ ಆ ನಾಳೆ ಕೊನೆಗೂ ಬರಲಿಲ್ಲ. ಎರಡೂ ಊರಿನ ಆಳುಗಳನ್ನೇ ನೆಚ್ಚಿಕೊಂಡೆ.

ಮೊದಲ ಮೂರು ದಿನ ಎಲ್ಲರನ್ನೂ ಒಟ್ಟಿಗೆ ಬೆರೆಸಿ ಕೆಲಸಕ್ಕೆ ಹಚ್ಚಿದೆ. ಹನಿ ಹನಿಗೂಡಿದರೆ ಹಳ್ಳ ಎಂದು ಭಾಷಣವನ್ನೂ ಮಾಡಿದೆ. ಹಳ್ಳವಲ್ಲ, ಸಂತೆಯಾಯಿತು. ನೂರೈವತ್ತು ಜನ, ಆದರೆ ಮಂಕರಿ ಏಳುತ್ತಿರಲಿಲ್ಲ.

"ಸೋಮಿ, ನಮ್ಮೋರು ಮೂರು ಮಂಕರಿ ಮಣ್ಣು ಹೊರೋ ಹೊತ್ಗೆ ಅವ್ರು ಒಂದು ಬೀಡಿ ಸೇದಿರ್ತಾರೆ, ನೋಡ್ಕಳಿ," ಎಂದರು ಮೂಡಲೂರಿನ ಗೌಡರು.

"ಸೇದ್ಲಿ ಬುಡಿ ಸೋಮಿ. ಅವ್ರು ಹೊರೋ ಮಂಕರೀಲಿ ಮಣ್ಣೈತೋ ಗಾಳಿ ಐತೋ ಅದನ್ನ ಕೇಳಿ ಮೊದ್ಲು," ಎಂದರು ಪಡುವಲೂರಿನ ಗೌಡರು.

ನಾಲ್ಕನೆಯ ದಿನ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಒಡೆದ ಜಾಗದ ನಟ್ಟನಡುವೆ ಗೂಟ ಹೊಡೆದು ಹಗ್ಗ ಎಳೆಸಿದೆ. ಹಗ್ಗದಿಂದ ಆಚೆ ಮೂಡಲೂರು, ಈಚೆ ಪಡುವಲೂರು. ನಿಮ್ಮ ಪಾಲು ನಿಮಗೆ, ಅವರ ಪಾಲು ಅವರಿಗೆ, ಯಾರು ಮೊದಲು ಮುಗಿಸುತ್ತೀರೋ ನೋಡೋಣ ಎಂದುಬಿಟ್ಟೆ. ಅಯ್ಯೋ, ಆಮೇಲಿನ ಸಂಭ್ರಮ ಏನು ಹೇಳಲಿ! ಬೀಡಿ ಸೇದುವವರೇ ಇಲ್ಲ. ಗೇಣೆತ್ತರ ಮಣ್ಣು ಹರಡುವುದು, ನೀರು ಚಿಮುಕಿಸುವುದು, ದಿಮ್ಮಸು ಹೊಡೆಯುವುದು, ಅದರ ಮೇಲೆ ಇನ್ನೊಂದು ಗೇಣು. "ಏನ್ಲಾ, ನಿಮ್ದಿನ್ನೂ ಮೊಣಕಾಲುದ್ದಾನಾ?" ಎಂದು ಆಚೆಯವರು ಕೂಗಿದರೆ ಈಚೆಯ ಹೆಂಗಸರು ಓಡುತ್ತ ಮಂಕರಿ ತರುತ್ತಿದ್ದರು. ಹಳೆಯ ಏರಿಗೆ ಹೊಸ ಮಣ್ಣು ಕಚ್ಚಿಕೊಳ್ಳಲೆಂದು ಎರಡು ತುದಿಗಳಲ್ಲೂ ಮೆಟ್ಟಿಲು ಕಡಿಸಿದ್ದೆ. ನಾನು ದಿನವಿಡೀ ಅಳತೆಗೋಲು ಹಿಡಿದು ಆ ತುದಿಗಳನ್ನೇ ಕಾಯುತ್ತಿದ್ದೆ. ಹೊಸದು ಹಳೆಯದನ್ನು ಕೂಡುವ ಕಡೆಯೇ ಏರಿ ಕೈಕೊಡುವುದು ಎಂದು ಪುಸ್ತಕದಲ್ಲಿ ಓದಿದ್ದೆನಲ್ಲ!

ನೀರಗಂಟಿ ಮಾತ್ರ ಯಾವ ಗುಂಪಿಗೂ ಸೇರದೆ ದಿನಕ್ಕೆರಡು ಸಲ ಏರಿಯ ಈ ತುದಿಯಿಂದ ಆ ತುದಿಗೆ ಹಿಮ್ಮಡಿ ಊರಿ ಊರಿ ಒಬ್ಬನೇ ನಡೆಯುತ್ತಿದ್ದ. ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ನಿಂತ.

"ಹಗ್ಗದ ತಾವ ಹಿಮ್ಮಡಿ ಇಳೀತದೆ ಬುದ್ದಿ. ಒಂದ್ಸಲ ನೋಡ್ಬುಡಿ."

"ಹೊಸ ಮಣ್ಣು ಇಳಿಯದೆ ಬಂಡೆ ಹಾಗೆ ಇರುತ್ತದೇನಯ್ಯಾ? ನೀನು ನಿನ್ನ ತೂಬು ನೋಡಿಕೊ, ಹೋಗು."

"ಆಗ್ಲಿ ಬುದ್ದಿ," ಎಂದು ಹೋದ. ಅವನ ಹಿಮ್ಮಡಿಗಿಂತ ನನ್ನ ಅಳತೆಗೋಲು ದೊಡ್ಡದು ಎಂದುಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹದಿನೆಂಟನೆಯ ದಿನಕ್ಕೇ ಏರಿ ಮುಗಿಯಿತು. ಹುಕುಂ ಕಳಿಸಿದ್ದ ಸಾಹೇಬರು ಕುದುರೆಯ ಮೇಲೆ ಬಂದು, ಏರಿಯ ಮೇಲೆ ಒಂದು ಸಲ ಅತ್ತಿಂದಿತ್ತ ಹೋಗಿ, ಕೆಲಸವನ್ನು ಹೀಗೆ ಪಾಲು ಹಂಚುವ ಕ್ರಮವನ್ನು ಇತರ ಕೆರೆಗಳಲ್ಲೂ ಅನುಸರಿಸಬಹುದು ಎಂದು ನನ್ನ ಕೆಲಸದ ಪುಸ್ತಕದಲ್ಲಿ ಬರೆದು ರುಜು ಹಾಕಿದರು. ಏರಿಗೆ ಒಂದು ಮಳೆ ಬೀಳುವವರೆಗೆ ಕಾದಿದ್ದು ಕೊನೆಯ ರಿಪೋರ್ಟು ಕಳಿಸು ಎಂದು ಹೇಳಿ ಪಾವಗಡದ ಕ್ಯಾಂಪಿಗೆ ಹೊರಟರು. ನನ್ನ ಹೊಟ್ಟೆನೋವು ನಿಂತಿತು.

ಹುಬ್ಬೆ ಮಳೆ ಬೆಟ್ಟದ ಮೇಲೆ ಚೆನ್ನಾಗಿ ಹೊಯ್ದು ನಾಲ್ಕೇ ದಿನದಲ್ಲಿ ಕೆರೆಗೆ ಅರ್ಧ ನೀರು ಬಂತು. ಐದನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ನೀರಗಂಟಿ ತೆಂಗಿನ ಕರಟದಲ್ಲಿ ನೀರು ಹಿಡಿದುಕೊಂಡು ನನ್ನ ಡೇರೆಯ ಮುಂದೆ ನಿಂತಿದ್ದ.

"ಏರಿ ಆಚೆ ಬದಿ ಒಸರ್ತಾ ಐತೆ ಬುದ್ದಿ. ನೆನ್ನೆ ತಿಳಿ ಇತ್ತು. ತಿಳಿ ಬಂದ್ರೆ ಏರಿ ಬೆವರ್ತೈತೆ ಅಂತ ಸುಮ್ಕಿದ್ದೆ. ಇವತ್ತು ಬಗ್ಗಡ."

"ಕೆರೆ ನೀರು ಬಗ್ಗಡವೇ ಅಲ್ಲವೇನಯ್ಯಾ?"

ಅವನು ಕರಟವನ್ನು ನನ್ನ ಕೈಗೇ ಕೊಟ್ಟ. ನಾನು ನನ್ನ ಬಿಳಿ ಚೌಕದ ಮೇಲೆ ಆ ನೀರನ್ನು ಸೋಸಿದೆ. ಕೆರೆಯ ಗೋಡುಮಣ್ಣು ಕಪ್ಪು. ಏರಿಗೆ ನಾವು ಹಾಕಿಸಿದ್ದು ಕೆಮ್ಮಣ್ಣು. ಬಟ್ಟೆಯ ಮೇಲೆ ಉಳಿದದ್ದು ಕೆಂಪು. ಏರಿ ಒಳಗಿನಿಂದ ಕರಗಿ ಹೊರಗೆ ಬರುತ್ತಿತ್ತು. ಬಾಯಲ್ಲಿದ್ದ ಬೇವಿನ ಕಡ್ಡಿ ಅಲ್ಲೇ ಬಿತ್ತು.

ಓಡಿದೆ. ಒಸರು ಬರುತ್ತಿದ್ದದ್ದು ಹಗ್ಗ ಎಳೆದಿದ್ದ ಜಾಗದ ನೇರಕ್ಕೆ, ಬುಡದಿಂದ ಮೊಣಕಾಲೆತ್ತರದಲ್ಲಿ. ಕೆಳಗೆ ನೀರಗಂಟಿಯ ಗುಡಿಸಲು ಮೂವತ್ತು ಹೆಜ್ಜೆ ದೂರ ಕೂಡ ಇರಲಿಲ್ಲ. ಬಾಗಿಲಲ್ಲಿ ಅವನ ಮಗಳು ಹನ್ನೊಂದು ದಿನದ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಏರಿಯ ಮೇಲಕ್ಕೆ ಹತ್ತಿ ಕಬ್ಬಿಣದ ಸಲಾಕೆ ತರಿಸಿ, ಗೂಟದಿಂದ ಎರಡು ಮಾರು ಆಚೆ ಚುಚ್ಚಿಸಿದೆ. ಗೇಣು ಇಳಿದು ನಿಂತಿತು. ಈಚೆಯೂ ಹಾಗೇ. ಗೂಟದ ಜಾಗದಲ್ಲಿ ನಾನೇ ಚುಚ್ಚಿದೆ. ಸಲಾಕೆ ಬೆಣ್ಣೆಗೆ ಹೋದ ಹಾಗೆ ಹೋಗಿ, ಹಿಡಿಯವರೆಗೂ ಇಳಿದು, ನನ್ನ ಮುಷ್ಟಿ ನೆಲಕ್ಕೆ ತಾಗಿತು.

ಇಬ್ಬರು ಗೌಡರನ್ನೂ ಕರೆಸಿದೆ. ಇಲ್ಲಿ ದಿಮ್ಮಸು ಹೊಡೆದವರು ಯಾರು ಎಂದು ಕಿರುಚಿದೆ. ಮೂಡಲೂರಿನವರು ಪಡುವಲಕ್ಕೆ ನೋಡಿದರು, ಪಡುವಲೂರಿನವರು ಮೂಡಲಕ್ಕೆ.

"ನಾವು ಹಗ್ಗಕ್ಕೆ ಒಂದು ಮೊಳ ಮುಂಚ್ಲೇ ನಿಲ್ಲಿಸ್ದೋ ಸೋಮಿ," ಎಂದರು ಮೂಡಲೂರಿನ ಗೌಡರು. "ಅವ್ರ ಪಾಲ್ಗೆ ನಮ್ಮ ಮಣ್ಣು ಬಿದ್ಬುಟ್ರೆ?"

"ನಾವೂ ಅಂಗೇ," ಎಂದರು ಪಡುವಲೂರಿನವರು.

"ಬಿದ್ದರೆ ಏನು ಮುಳುಗಿಹೋಗುತ್ತದೆ?"

ಇಬ್ಬರೂ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. ಮೂಡಲೂರಿನ ಗೌಡರು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. "ಯಾರು ಏರಿಗೆ ಮಣ್ಣು ಹಾಕ್ತಾರೋ ಅವ್ರಿಗೆ ನೀರು ಸಲ್ತದೆ ಸೋಮಿ. ನಮ್ಮಜ್ಜನ ಕಾಲದ ಕಟ್ಟು. ನಾವು ಅವ್ರ ಪಾಲಾಗೆ ಒಂದು ಮಂಕರಿ ಹಾಕಿದ್ರೆ, ಅವ್ರ ನೀರ್ನಾಗೆ ಪಾಲು ಕೇಳಿದಂಗೆ. ಆಮ್ಯಾಕೆ ತಲೆ ಒಡೀತವೆ."

ಅವರು ಒಂದು ಮೊಳ ಬಿಟ್ಟರು, ಇವರು ಒಂದು ಮೊಳ ಬಿಟ್ಟರು. ಎರಡೂ ಕಡೆಯಿಂದ ಉದುರಿದ ಪುಡಿಮಣ್ಣು ನಡುವಿನ ಸಂದನ್ನು ತಾನಾಗಿ ತುಂಬಿ, ನೋಡುವವರ ಕಣ್ಣಿಗೆ ಸಮತಟ್ಟಾಗಿತ್ತು. ನೀರು ಕಾಣದ, ದಿಮ್ಮಸು ಕಾಣದ ಎರಡು ಮೊಳ, ತಳದಿಂದ ತುದಿಯವರೆಗೆ. ಹೊಸದು ಹಳೆಯದನ್ನು ಕೂಡುವ ಕಡೆ ಕಾದು ಕುಳಿತವನು ಹೊಸದು ಹೊಸದನ್ನು ಕೂಡುವ ಕಡೆ ಕಣ್ಣೇ ಹಾಯಿಸಿರಲಿಲ್ಲ. ಹಗ್ಗ ಎಳೆಸಿದವನು ನಾನು. ಸಾಹೇಬರು ಮೆಚ್ಚಿ ರುಜು ಹಾಕಿದ್ದು ಆ ಹಗ್ಗಕ್ಕೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಕೂಸು ಆ ಹಟ್ಟಿ.

ಸಾಹೇಬರಿಗೆ ಬರೆದು ಅಪ್ಪಣೆ ತರಿಸಲು ನಾಲ್ಕು ದಿನ ಬೇಕು. ಉತ್ತರೆ ಮಳೆ ಹುಟ್ಟಲು ಆರು ದಿನವಿತ್ತು. ಮೂಡಲ ದಿಕ್ಕಿನಲ್ಲಿ ಮೋಡ ಆಗಲೇ ಕಟ್ಟುತ್ತಿತ್ತು. ಹಾಗೇ ಬಿಟ್ಟರೆ ಒಸರು ತೂತಾಗುತ್ತದೆ, ತೂತು ಬಾಯಾಗುತ್ತದೆ. ಕಡಿದು ಮತ್ತೆ ಕಟ್ಟಿಸೋಣವೆಂದರೆ, ಏರಿ ಸೀಳಿಕೊಂಡು ನಿಂತಾಗ ಮಳೆ ಬಂದರೆ? ಅತ್ತ ದರಿ, ಇತ್ತ ಪುಲಿ. ನಾನು ಏರಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಅತ್ತೇ ಬಿಟ್ಟೆನೆಂದರೂ ನಡೆದೀತು. ಕೊನೆಗೆ ನೀರಗಂಟಿಯ ಮುಖ ನೋಡಿದೆ.

"ಏನು ಮಾಡೋಣ ಯಜಮಾನ?"

"ನೀರಿಳಿಸಿ ಸೀಳ್ಬೇಕು ಬುದ್ದಿ. ಇನ್ನೊಂದು ದಾರಿ ಇಲ್ಲ."

"ಆಗಲಿ," ಎಂದೆ. ಆ ಒಂದು ಮಾತಿಗೆ ನನ್ನ ನೌಕರಿ ಹೋಗಬಹುದಿತ್ತು. ಆದರೆ ಆ ಹೊತ್ತಿನಲ್ಲಿ ನೌಕರಿಗಿಂತ ಆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ಕೂಸೇ ಕಣ್ಣ ಮುಂದೆ ಇತ್ತು.

ತೂಬಿನ ಬಿರಡೆ ನೀರಿನ ತಳದಲ್ಲಿ. ಅದನ್ನು ಕೀಳಲು ನೀರಗಂಟಿ ಮುಳುಗಿದ. ನಾನು ದಡದಲ್ಲಿ ನಿಂತು ಎಣಿಸುತ್ತಿದ್ದೆ. ಐವತ್ತಾಯಿತು, ಅರವತ್ತಾಯಿತು, ನನಗೇ ಉಸಿರು ಕಟ್ಟಿತು. ಎಂಬತ್ತಕ್ಕೆ ಅವನ ಬಿಳಿ ತಲೆ ಮೇಲೆ ಬಂತು; ಕಾಲುವೆಯಲ್ಲಿ ನೀರು ಭೋರೆಂದಿತು. ಇನ್ನೂ ನಾಟಿಯಾಗದ ಗದ್ದೆಗಳ ನೀರು ಹಳ್ಳದ ಪಾಲಾಗುತ್ತಿರುವುದನ್ನು ನೋಡಿ ಪಡುವಲೂರಿನ ಗೌಡರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಹಟ್ಟಿಯವರನ್ನು ದಿಬ್ಬಕ್ಕೆ ಏರಿಸಿದೆವು. ಬಾಣಂತಿಯನ್ನು ಬಯಲಲ್ಲಿ ಮಲಗಿಸಬಾರದೆಂದು ಮೂಡಲೂರಿನ ಗೌಡರ ತಾಯಿ ದಿಬ್ಬದ ಮೇಲಿನ ತಮ್ಮ ಹುಲ್ಲಿನ ಕೊಟ್ಟಿಗೆ ಗುಡಿಸಿಕೊಟ್ಟರು.

ಮೂರು ದಿನಕ್ಕೆ ನೀರು ಒಸರಿಗಿಂತ ಕೆಳಗಿಳಿಯಿತು. ಈಗ ಸೀಳುವವರು ಯಾರು? ಎರಡೂ ಊರಿನವರು ಗುದ್ದಲಿ ತಂದಿದ್ದರು, ಆದರೆ ಆ ಎರಡು ಮೊಳದ ಒಳಗೆ ಕಾಲಿಡುವವರಿಲ್ಲ. ಬೇಡಿಕೊಂಡೆ, ಬೈದೆ, ಜೈಲಿನ ಹೆಸರು ಹೇಳಿದೆ. ಹೂಂ ಅನ್ನುತ್ತಾರೆ, ಅಲ್ಲಾಡುವುದಿಲ್ಲ. ಕೊನೆಗೆ ನಾನೂ ನೀರಗಂಟಿಯೂ ಇಬ್ಬರೇ ಇಳಿದೆವು. ಅವನು ಅಗೆದ, ನಾನು ಮಂಕರಿ ಹೊತ್ತೆ. ಪಂಚೆ ಎತ್ತಿ ಕಟ್ಟಿದ ಓವರ್‌ಸಿಯರನನ್ನು ನೂರೈವತ್ತು ಜನ ಎರಡು ಬದಿಯಲ್ಲಿ ನಿಂತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲಾಳ ಆಗಿತ್ತು. ಹೀಗೇ ಹೋದರೆ ತಳ ಮುಟ್ಟಲು ಎಂಟು ದಿನ. ನನ್ನ ಅಂಗೈಯಲ್ಲಿ ಬೊಬ್ಬೆ ಒಡೆದಿತ್ತು.

ಅಷ್ಟರಲ್ಲಿ ದಿಬ್ಬದಿಂದ ಹಟ್ಟಿಯವರು ಇಳಿದು ಬಂದರು. ಮೊದಲು ಹೆಂಗಸರು, ಹಿಂದೆ ಗಂಡಸರು. ಯಾರೂ ಕರೆದಿರಲಿಲ್ಲ. ನೀರಗಂಟಿಯ ಹೆಂಡತಿ ನನ್ನ ಕೈಯಿಂದ ಮಂಕರಿ ಕಿತ್ತುಕೊಂಡಳು. "ನೀವು ಮ್ಯಾಲಿರಿ ಬುದ್ದಿ. ನೀವು ಹೊರೋದು ನೋಡಿದ್ರೆ ನಗು ಬತ್ತದೆ. ನಮಗೆ ಪಾಲೂ ಇಲ್ಲ, ತಂಟೇನೂ ಇಲ್ಲ. ನಾವು ಇಳಿದ್ರೆ ಯಾರು ಏನಂದಾರು?"

ಗೌಡರಿಬ್ಬರೂ ಅರೆಗಳಿಗೆ ಯೋಚಿಸಿದರು. ಪಾಲಿಲ್ಲದವರು ಇಳಿದರೆ ಇವರಿಗೂ ನಷ್ಟವಿಲ್ಲ, ಅವರಿಗೂ ಲಾಭವಿಲ್ಲ. "ಇಳೀಲಿ," ಎಂದರು. ಹಟ್ಟಿಯವರು ಮರುದಿನ ಹೊತ್ತು ನೆತ್ತಿಗೆ ಬರುವುದರೊಳಗೆ ತಳ ಕಂಡರು. ಕಂದಕದ ಎರಡು ಗೋಡೆಗಳಿಗೂ ಮೆಟ್ಟಿಲು ಕಡಿಯಬೇಕಿತ್ತು; ತಮ್ಮ ತಮ್ಮ ಗೋಡೆಯನ್ನು ಆಯಾ ಊರಿನವರೇ ಕಡಿದರು. ಈಗ ಕೆರೆಗೂ ಹಟ್ಟಿಗೂ ನಡುವೆ ತೆರೆದ ಬಾಗಿಲು. ಮೇಲೆ ಮೋಡ.

ಮತ್ತೆ ತುಂಬುವ ಕೆಲಸ ಹೇಗೆ ನಡೆಯಿತೆಂದು ಹೇಳಿದರೆ ನೀವು ನಗುತ್ತೀರಿ. ಮೂಡಲೂರಿನವರು ಮಣ್ಣು ತಂದು ಮೂಡಲ ಅಂಚಿನಲ್ಲಿ ಇಡುವುದು, ಪಡುವಲೂರಿನವರು ಪಡುವಲ ಅಂಚಿನಲ್ಲಿ ಇಡುವುದು. ಒಳಗೆ ನಿಂತ ಹಟ್ಟಿಯವರು ಕೈಚಾಚಿ ಮಂಕರಿ ಇಳಿಸಿಕೊಂಡು ಸುರಿಯುವುದು. ಊರವರ ಕೈಯಿಂದ ಒಂದು ಹಿಡಿ ಮಣ್ಣೂ ಆ ಎರಡು ಮೊಳದೊಳಗೆ ಬೀಳಲಿಲ್ಲ. ಕಟ್ಟು ಕಟ್ಟಾಗಿಯೇ ಉಳಿಯಿತು. ಮಂಕರಿಗಳು ಮಾತ್ರ ನಿಲ್ಲದೆ ಬಂದವು.

ಆದರೆ ದಿಮ್ಮಸಿನ ಕೆಲಸ ಏಳಲಿಲ್ಲ. ಇಕ್ಕಟ್ಟಿನಲ್ಲಿ ನಾಲ್ಕೇ ಜನ ನಿಂತು ಹೊಡೆಯಬಹುದು. ಆಗ ನನಗೆ ಸಿರಾ ಸೀಮೆಯ ಗೌಡಗೆರೆ ಕಡೆ ಕಂಡಿದ್ದು ನೆನಪಾಯಿತು. ಅಲ್ಲಿ ಕಟ್ಟೆಯ ಹಸಿ ಮಣ್ಣಿನ ಮೇಲೆ ಕುರಿ ಹಾಯಿಸುತ್ತಿದ್ದರು. ಸಣ್ಣ ಗೊರಸು ಮಣ್ಣನ್ನು ಕುಟ್ಟುವಷ್ಟು ಹದವಾಗಿ ದಿಮ್ಮಸು ಕುಟ್ಟುವುದಿಲ್ಲ.

"ಮಣ್ಣು ಹಾಕಬೇಡಿ, ಕುರಿ ಕೊಡಿ," ಎಂದೆ ಗೌಡರಿಗೆ.

ಪಡುವಲೂರಿನ ಗೌಡರು ಗಡ್ಡ ಕೆರೆದುಕೊಂಡು ಮೂಡಲೂರಿನವರ ಕಡೆ ತಿರುಗಿದರು. "ಕುರಿ ತುಳಿದ್ರೆ ನೀರಿನ ಅಕ್ಕು ಬರಾಕಿಲ್ಲ, ಅಲ್ವರಾ?"

"ಕುರಿ ಬಂದು ನೀರು ಕೇಳ್ತಾವಾ? ಹೊಡೀರ್ಲಾ ಕುರೀನಾ!" ಎಂದರು ಮೂಡಲೂರಿನವರು. ಅಷ್ಟು ದಿನಗಳಲ್ಲಿ ಅವರಿಬ್ಬರೂ ನೇರ ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

ಎರಡೂ ಊರಿನ ಮುನ್ನೂರು ಕುರಿಗಳು ಕೆರೆಯ ಬದಿಯಿಂದ ಇಳಿದು ಹಟ್ಟಿಯ ಬದಿಯಿಂದ ಹತ್ತಿ, ಸುತ್ತಿ ಬಂದು ಮತ್ತೆ ಇಳಿದವು. ಒಂದು ವರಸೆ ಮಣ್ಣು, ನೀರು, ಕುರಿ. ಮತ್ತೆ ಮಣ್ಣು, ನೀರು, ಕುರಿ. ಎರಡನೆಯ ದಿನ ಬೆಳಿಗ್ಗೆ ಸೊಂಟದೆತ್ತರ ಆಗಿದ್ದಾಗ ದಪ್ಪ ಹನಿ ಬಿತ್ತು. ಬೆಟ್ಟದ ಕಡೆ ಕಪ್ಪಗೆ ಇಳಿದದ್ದು ಕಾಣುತ್ತಿತ್ತು. ಯಾರೂ ಓಡಲಿಲ್ಲ. ನಾನು ಕೆರೆಯ ನೀರಿನ ಅಂಚಿನಲ್ಲಿ ಕಡ್ಡಿ ನೆಟ್ಟು ನೋಡುತ್ತಿದ್ದೆ. ಕಡ್ಡಿ ಗೇಣು ಮುಳುಗಿತು, ನಾವು ಗೇಣು ಏರಿದೆವು. ಮತ್ತೊಂದು ಗೇಣು ಮುಳುಗಿತು. ದೇವರೇ ದೇವರೇ ಎಂದು ನಾನು ಅಂದದ್ದು ಎಷ್ಟು ಸಲವೋ. ಮಬ್ಬುಗತ್ತಲಾಗುವ ಹೊತ್ತಿಗೆ ನಮ್ಮ ಮಣ್ಣು ನೀರಿಗಿಂತ ಒಂದು ಆಳು ಮೇಲಿತ್ತು. ಮಿಕ್ಕದ್ದನ್ನು ಮಾರನೆಯ ದಿನ ತುಂತುರಿನಲ್ಲೇ ಮುಗಿಸಿದೆವು.

ಉತ್ತರೆ ಮಳೆ ಕೆರೆಯನ್ನು ತುಂಬಿಸಿತು. ಕೋಡಿ ಬಿದ್ದ ದಿನ ನೀರಗಂಟಿ ಕರಟ ಹಿಡಿದು ಬಂದ. ಚೌಕದ ಮೇಲೆ ಸುರಿದೆ. ಬಟ್ಟೆ ಒದ್ದೆಯಾಯಿತು, ಬಣ್ಣ ಹತ್ತಲಿಲ್ಲ. ನನಗೆ ಅಳು ಬಂತು, ಅತ್ತೆ.

ಗೌಡರಿಬ್ಬರೂ ಏರಿಯ ಮೇಲೇ ಇದ್ದರು. ನೀರಗಂಟಿ ಹೋಗಲಿಲ್ಲ, ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು ನಿಂತ.

"ಒಂದು ಮಾತು ಐತೆ. ಯಾರು ಮಣ್ಣು ಹಾಕ್ತಾರೋ ಅವ್ರಿಗೆ ನೀರು ಸಲ್ತದೆ ಅಂತ ಗೌಡ್ರೇ ಅಂದ್ರು. ಆ ಎರಡು ಮೊಳದಾಗೆ ಇರೋದು ನಮ್ಮಟ್ಟಿಯೋರು ಹಾಕಿದ ಮಣ್ಣು ಬುದ್ದಿ."

ಪಡುವಲೂರಿನ ಗೌಡರು ಕೆಂಪಾದರು. "ಎರಡು ಮೊಳಾನಾ? ಅದು ಯಾವ ಕಾಗದದಾಗೈತ್ಲಾ?"

ಎಲ್ಲರೂ ನನ್ನ ಕಡೆ ನೋಡಿದರು. ಕಾಗದ ಬರೆಯಬೇಕಾದವನು ನಾನು. ಕೊನೆಯ ರಿಪೋರ್ಟು ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇತ್ತು. ಏರಿ ಭದ್ರವಾಗಿದೆ ಎಂದು ಒಂದು ಸಾಲು ಬರೆದರೆ ಸಾಹೇಬರ ಮೆಚ್ಚುಗೆ ನನ್ನಲ್ಲೇ ಉಳಿಯುತ್ತಿತ್ತು. ಹಟ್ಟಿಯವರು ಮಣ್ಣು ಹಾಕಿದರೆಂದು ಬರೆಯಬೇಕಾದರೆ ಯಾಕೆ ಹಾಕಿದರು ಎಂದೂ ಬರೆಯಬೇಕು. ನನ್ನ ಹಗ್ಗ, ನಾನು ನೋಡದ ಸಂದು, ಅಪ್ಪಣೆಯಿಲ್ಲದೆ ಸೀಳಿದ್ದು, ಹಳ್ಳಕ್ಕೆ ಹೋದ ನೀರು ಎಲ್ಲವೂ ಹೊರಗೆ ಬರುತ್ತದೆ. ಪೆಟ್ಟಿಗೆ ತರಿಸಿ, ಅಲ್ಲೇ ಕಲ್ಲಿನ ಮೇಲೆ ಕುಳಿತು, ಎಲ್ಲವನ್ನೂ ಬರೆದು, ಗಟ್ಟಿಯಾಗಿ ಓದಿದೆ. ಗೌಡರಿಬ್ಬರಿಂದಲೂ ಕೆಳಗೆ ರುಜು ಕೇಳಿದೆ. ಮೂಡಲೂರಿನವರು, "ನಮ್ಮಜ್ಜನ ಮಾತು ನಾನೇ ಎತ್ತಿದ್ದು," ಎಂದು ಹೆಬ್ಬೆಟ್ಟು ಒತ್ತಿದರು. ಅವರು ಒತ್ತಿದ ಮೇಲೆ ಇವರು ಹಿಂದೆ ಬಿದ್ದಾರೆಯೇ?

ಸಾಹೇಬರು ತಮ್ಮ ಮೆಚ್ಚುಗೆಯ ಮೇಲೆ ಗೀಟು ಎಳೆದು, ಕೆಳಗೆ ಬೇರೆ ನಾಲ್ಕು ಸಾಲು ಬರೆದರು. ನನ್ನನ್ನು ಪಾವಗಡಕ್ಕೆ, ಮೋರಿ ಕೆಲಸಕ್ಕೆ ಹಾಕಿದರು. ಕೂಡಿ ಮಾಡುವುದು ಮೇಲೋ ಒಬ್ಬನೇ ಮಾಡುವುದು ಮೇಲೋ ಎಂದು ಆಮೇಲೆ ಅನೇಕರು ನನ್ನನ್ನು ಕೇಳಿದ್ದಾರೆ. ನೂರೈವತ್ತು ಜನ ಹದಿನೆಂಟು ದಿನದಲ್ಲಿ ಕಟ್ಟಿದ್ದು ನಿಜ. ಅವರಲ್ಲಿ ಒಬ್ಬರಿಗೂ ಕಾಣದ್ದು ಒಬ್ಬನೇ ನಡೆಯುವವನ ಹಿಮ್ಮಡಿಗೆ ಸಿಕ್ಕಿದ್ದೂ ನಿಜ. ಆ ಹಿಮ್ಮಡಿಯವನೂ ನಾನೂ ಇಬ್ಬರೇ ಅರ್ಧ ದಿನ ಅಗೆದು ಮೊಣಕಾಲಾಳ ಇಳಿದದ್ದನ್ನೂ ಹೇಳುತ್ತೇನೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಮರುವರ್ಷ ಪಾವಗಡದಿಂದ ಬರುವಾಗ ಸುತ್ತುದಾರಿ ಹಿಡಿದು ಆ ಕೆರೆಗೆ ಹೋದೆ. ನೀರಗಂಟಿ ತೂಬಿನಿಂದ ಮೇಲೆ ಬರುತ್ತಿದ್ದ, ಮೈಯೆಲ್ಲ ನೀರು. ನನ್ನನ್ನು ನೋಡಿ ನಿಂತ.

"ಯಾರ ಸರದಿ ಯಜಮಾನ್ರೇ ಇವತ್ತು?"

"ಎರಡು ಮೊಳದ ಸರದಿ ಬುದ್ದಿ. ತಿಂಗಳಿಗೊಂದು ಮಧ್ಯಾಹ್ನ," ಎಂದ.

ಅಷ್ಟರಲ್ಲಿ ಕಾಲುವೆಯಲ್ಲಿ ನೀರು ಹೊರಟಿತು. ನನ್ನ ಜೊತೆಯ ಮಾತನ್ನು ಅರ್ಧಕ್ಕೇ ಬಿಟ್ಟು, ಯಾವತ್ತೂ ಅವಸರ ಮಾಡದ ಆ ಮುದುಕ, ಕಸಕಡ್ಡಿ ಕಾಲಲ್ಲಿ ಒದ್ದು ಸರಿಸುತ್ತ ನೀರಿನ ಮುಂದೆ ಮುಂದೆ ಹಟ್ಟಿಯ ಹೊಲದ ಕಡೆಗೆ ಓಡಿದ.